ಮೂಡಿಗೆರೆಯ ಥಾರ್‌ಗೆ ಮೊದಲು ಏನು ಮಾಡಿಸಬೇಕು?

ಪ್ರಶ್ನೆ: ಮೂಡಿಗೆರೆ ಸಮೀಪದ ಕಾಫಿ ತೋಟದಲ್ಲಿ ನಮ್ಮ ಮನೆ. 2022ರ ಮಹೀಂದ್ರ ಥಾರ್ ಎಲ್‌ಎಕ್ಸ್ ಡೀಸೆಲ್, ಫೋರ್ ಬೈ ಫೋರ್ ಗಾಡಿ ಇದೆ. 28 ಸಾವಿರ ಕಿ.ಮೀ. ಓಡಿದೆ. ವಾರಕ್ಕೆ ಐದು ದಿನ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಟಾರು ರಸ್ತೆಯಿಂದ ಮನೆಗೆ ಎರಡು ಕಿ.ಮೀ. ಮಣ್ಣಿನ ದಾರಿ. ಕಳೆದ ಮಳೆಗಾಲದಲ್ಲಿ ಆ ದಾರಿಯ ಏರಿನಲ್ಲಿ ಮೂರು ಸಲ ಹೂತುಕೊಂಡು ಟ್ರ್ಯಾಕ್ಟರ್ ಕರೆಸಬೇಕಾಯಿತು. ಅಂಗಡಿಯವರೊಬ್ಬರು 33 ಇಂಚಿನ ಮಡ್ ಟೆರೇನ್ ಟಯರ್, ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್, ಉಕ್ಕಿನ ಬಂಪರ್, ನೀರಿನಲ್ಲಿ ಇಳಿದಾಗ ಎಂಜಿನ್ ಮೇಲಿನಿಂದ ಗಾಳಿ ಎಳೆಯಲು ಸ್ನಾರ್ಕೆಲ್ ಕೊಳವೆ, ಮಾಡಿನ ಮೇಲೆ ಎಲ್‌ಇಡಿ ಬಾರ್ ಎಂದು ಪಟ್ಟಿ ಬರೆದುಕೊಟ್ಟಿದ್ದಾರೆ. ನನ್ನ ಕೈಯಲ್ಲಿರುವುದು ಒಂದೂವರೆ ಲಕ್ಷ ರೂಪಾಯಿ. 70 ದಾಟಿದ ಅಮ್ಮ ಈಗಲೇ ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡು ಗಾಡಿ ಹತ್ತುತ್ತಾರೆ. ಯಾವುದನ್ನು ಮೊದಲು ಮಾಡಿಸಲಿ?

ಉತ್ತರ: ನೀವು ಹೂತುಕೊಂಡದ್ದು ಮಣ್ಣಿನ ಏರಿನಲ್ಲಿ, ಹಳ್ಳದ ನೀರಿನಲ್ಲೂ ಅಲ್ಲ, ಬಂಡೆಯ ಮೇಲೂ ಅಲ್ಲ. ಅಂದರೆ ನಿಮ್ಮ ಗಾಡಿಗೆ ಕಡಿಮೆಯಾದದ್ದು ಎತ್ತರವೂ ಅಲ್ಲ, ಶಕ್ತಿಯೂ ಅಲ್ಲ, ಚಕ್ರಕ್ಕೂ ನೆಲಕ್ಕೂ ನಡುವಿನ ಹಿಡಿತ. ಅಂಗಡಿಯ ಪಟ್ಟಿಯಲ್ಲಿ ಆ ಹಿಡಿತಕ್ಕೆ ಸಂಬಂಧಿಸಿದ್ದು ಟಯರ್ ಒಂದೇ, ಅದೂ ತಪ್ಪು ಅಳತೆಯಲ್ಲಿ ಮತ್ತು ತಪ್ಪು ಬಗೆಯಲ್ಲಿದೆ. ಭಾನುವಾರ ಕೆಸರಿನಲ್ಲಿ ಆಡುವುದಕ್ಕಷ್ಟೇ ಇಟ್ಟುಕೊಂಡ ಗಾಡಿಯ ಲೆಕ್ಕವೇ ಬೇರೆ. ಸೋಮವಾರ ಬೆಳಿಗ್ಗೆ ನಿಮ್ಮನ್ನು ಕೆಲಸಕ್ಕೆ ಮುಟ್ಟಿಸಬೇಕಾದ, ಒದ್ದೆ ಘಾಟಿಯಲ್ಲಿ ಬ್ರೇಕು ಹಿಡಿಯಬೇಕಾದ ಗಾಡಿಗೆ ಮಾಡಿಸುವ ಪ್ರತಿಯೊಂದು ಬದಲಾವಣೆಯೂ ಟಾರಿನ ಮೇಲಿನ ಅದರ ನಡತೆಯನ್ನು ಕೆಡಿಸದಂತಿರಬೇಕು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡೇ ಮುಂದಿನದನ್ನೆಲ್ಲ ಬರೆಯುತ್ತಿದ್ದೇನೆ.

ಹಣ ಬಿಚ್ಚುವ ಮೊದಲು ಒಂದು ವಿಷಯವನ್ನು ಖಚಿತ ಮಾಡಿಕೊಳ್ಳಿ. ಆ ಮೂರು ಸಲವೂ ನೀವು ಫೋರ್ ಬೈ ಫೋರ್ ಹಾಕಿದ್ದು ಏರಿನ ಬುಡದಲ್ಲೋ, ಅಥವಾ ನಡುವೆ ಚಕ್ರ ಜಾರತೊಡಗಿದ ಮೇಲೋ? ನಮ್ಮಲ್ಲಿ ಹೆಚ್ಚಿನವರು ಎರಡು ಚಕ್ರದಲ್ಲೇ ರಭಸವಾಗಿ ಏರಲು ನೋಡಿ, ಗಾಡಿ ನಿಂತು, ಹಿಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡ ಮೇಲೆ ಲಿವರ್‌ಗೆ ಕೈ ಹಾಕುತ್ತಾರೆ. ಏರಿನ ಬುಡದಲ್ಲೇ ಗಾಡಿ ನಿಲ್ಲಿಸಿ ಫೋರ್ ಬೈ ಫೋರ್ ಲಿವರನ್ನು ಲೋ ಸ್ಥಾನಕ್ಕೆ ಹಾಕಿ, ಎರಡನೆಯ ಗೇರಿನಲ್ಲಿ, ಎಕ್ಸಲರೇಟರನ್ನು ಒಂದೇ ಸಮ ಒತ್ತಿ, ನಡುವೆ ಕ್ಲಚ್ ಮುಟ್ಟದೆ ಹತ್ತಿಸಿ ನೋಡಿ. ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ನಿಮ್ಮ ಗಾಡಿಯ ಹಿಂದಿನ ಹೌಸಿಂಗಿನಲ್ಲಿ, ಅಂದರೆ ಆಕ್ಸಲಿನ ನಡುವಿನ ಗೇರುಗಳ ಗೂಡಿನಲ್ಲಿ, ತಾನಾಗಿ ಬಿಗಿದುಕೊಳ್ಳುವ ಲಾಕಿಂಗ್ ಡಿಫರೆನ್ಷಿಯಲ್ ಇದ್ದರೆ ಅದರ ಸ್ವಭಾವವನ್ನೂ ತಿಳಿದಿರಬೇಕು: ಒಂದು ಹಿಂಚಕ್ರವು ಇನ್ನೊಂದಕ್ಕಿಂತ ಸಾಕಷ್ಟು ವೇಗವಾಗಿ ತಿರುಗಿದಾಗ ಮಾತ್ರ ಅದು ಬಿಗಿಯುತ್ತದೆ. ಚಕ್ರ ಜಾರಿದ ತಕ್ಷಣ ಹೆದರಿ ಕಾಲು ತೆಗೆಯುವವರಿಗೆ ಅದು ಕೆಲಸ ಮಾಡುವ ಅವಕಾಶವೇ ಸಿಗುವುದಿಲ್ಲ. ಒಂದು ಕ್ಷಣ ಕಾಲು ಗಟ್ಟಿಯಾಗಿಟ್ಟರೆ 'ಟಕ್' ಎಂದು ಬಿಗಿದು ಎರಡೂ ಚಕ್ರ ಒಟ್ಟಿಗೆ ತಿರುಗುವುದು ಸೀಟಿನಲ್ಲಿ ಕುಳಿತವರಿಗೇ ಗೊತ್ತಾಗುತ್ತದೆ. ಥಾರ್‌ನ ಫೋರ್ ಬೈ ಫೋರ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲವಾದ್ದರಿಂದ ಒಣ ಟಾರಿನ ಮೇಲೆ ಫೋರ್ ಬೈ ಫೋರ್ ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಬೇರೆ ಬೇರೆ ದೂರ ಕ್ರಮಿಸಬೇಕಾಗಿ ಗೇರುಗಳೂ ಶಾಫ್ಟುಗಳೂ ತಿರುಚಿಕೊಂಡು ಸವೆಯುತ್ತವೆ. ಆದರೆ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ತೋಟದ ಮಣ್ಣಿನಲ್ಲಿ ಅದನ್ನು ಹಾಕಿ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು. ಮಳೆ ಬಿದ್ದ ದಿನ ಲಿವರ್ ಬಿಗಿದು ಕುಳಿತಿರುವುದನ್ನು ನಾನು ಹಲವು ಗಾಡಿಗಳಲ್ಲಿ ಕಂಡಿದ್ದೇನೆ.

ಈಗ ಟಯರ್. ನಿಮ್ಮ ಗಾಡಿಯೊಂದಿಗೆ ಬಂದದ್ದು 255/65 ಆರ್18 ಅಳತೆ. 28 ಸಾವಿರ ಕಿ.ಮೀ. ಓಡಿದ ಮೇಲೆ ಅದರ ಹಲ್ಲು ಎಷ್ಟು ಉಳಿದಿದೆ ಎಂದು ನೋಡಿ. ಮಲೆನಾಡಿನ ಕೆಂಪು ಜಿಗುಟು ಮಣ್ಣು ಹಲ್ಲಿನ ಸಂದಿಗಳಲ್ಲಿ ತುಂಬಿಕೊಂಡು ಹೊರಬೀಳದೆ ನಿಂತರೆ ಎಂತಹ ಟಯರೂ ಬೋಳು ಟಯರಿನಂತೆಯೇ ಆಗುತ್ತದೆ. ಅಗಲ ಸಂದಿಗಳ ಆಲ್ ಟೆರೇನ್ ಟಯರು ಆ ಮಣ್ಣನ್ನು ತಿರುಗುವಾಗ ಕೊಡವಿಕೊಳ್ಳುತ್ತದೆ, ಹಾಗಿದ್ದೂ ಟಾರಿನ ಮೇಲೆ ನಿಲ್ಲುವಷ್ಟು ರಬ್ಬರ್ ಉಳಿಸಿಕೊಂಡಿರುತ್ತದೆ. ಮಡ್ ಟೆರೇನ್ ಟಯರು ಕೆಸರಿನಲ್ಲಿ ಇದಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ದೊಡ್ಡ ದೊಡ್ಡ ದಿಮ್ಮಿಗಳು ಒದ್ದೆ ಟಾರನ್ನು ಮುಟ್ಟುವ ಜಾಗ ಕಡಿಮೆ, ನೀರನ್ನು ಸೀಳುವ ಸಣ್ಣ ಗೀರುಗಳೂ ಕಡಿಮೆ. ಜುಲೈ ತಿಂಗಳ ಮಂಜಿನಲ್ಲಿ ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ನಿಮಗೆ ಬೇಕಾಗುವುದು ಆ ಹಿಡಿತವೇ. ಎರಡು ಕಿ.ಮೀ. ಕೆಸರಿಗಾಗಿ ದಿನದ ಉಳಿದ 60 ಕಿ.ಮೀ. ಟಾರಿನ ಸುರಕ್ಷತೆಯನ್ನು ಬಿಟ್ಟುಕೊಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

33 ಇಂಚಿನ ಮಾತಿಗೆ ಬರೋಣ. ನಿಮ್ಮ ಈಗಿನ ಟಯರಿನ ವ್ಯಾಸ ಸುಮಾರು 789 ಮಿ.ಮೀ.; 33 ಇಂಚು ಎಂದರೆ 838 ಮಿ.ಮೀ. ನೆಲದಿಂದ ನಿಮಗೆ ಸಿಗುವ ಹೆಚ್ಚುವರಿ ಎತ್ತರ ಈ ವ್ಯತ್ಯಾಸದ ಅರ್ಧ, ಅಂದರೆ 25 ಮಿ.ಮೀ. ಮಾತ್ರ. ಇದಕ್ಕೆ ಪ್ರತಿಯಾಗಿ ಸ್ಪೀಡೋಮೀಟರ್ ಇಂದು ತೋರಿಸುವುದಕ್ಕಿಂತ ಶೇ 6ರಷ್ಟು ಕಡಿಮೆ ತೋರಿಸುತ್ತದೆ, ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಎತ್ತರದ ಗೇರುಗಳಾಗಿ ಎಳೆತ ಕುಗ್ಗುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಡಿಲವಾಗುತ್ತದೆ, ಭಾರವಾದ ಚಕ್ರವನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಯರು ಒಳಗಡೆ ಉಜ್ಜಿದರೆ ಲಿಫ್ಟ್ ಕಿಟ್ ಬೇಕೆನ್ನುತ್ತಾರೆ. ಒಂದು ಖರ್ಚು ಇನ್ನೊಂದನ್ನು ಕೈಹಿಡಿದು ಕರೆತರುವುದು ಹೀಗೆಯೇ.

ಆದ್ದರಿಂದ ಇರುವ ಅಳತೆಯಲ್ಲೇ ಆಲ್ ಟೆರೇನ್ ಟಯರ್ ಕೊಳ್ಳಿ. ಇನ್ನೊಂದು ದಾರಿಯೂ ಇದೆ. ಇದೇ ಥಾರ್‌ನ ಕೆಳಗಿನ ಶ್ರೇಣಿಗೆ ಕಾರ್ಖಾನೆಯವರೇ 16 ಇಂಚಿನ ರಿಮ್ಮಿನ ಮೇಲೆ 245/75 ಟಯರ್ ಕೊಟ್ಟಿದ್ದರು. ಅದರ ವ್ಯಾಸ 774 ಮಿ.ಮೀ. ಆದ್ದರಿಂದ ಎತ್ತರದಲ್ಲಿ ಏಳೆಂಟು ಮಿ.ಮೀ. ಹೋಗುತ್ತದೆ, ಆದರೆ ಟಯರಿನ ಪಕ್ಕದ ಗೋಡೆ 18 ಮಿ.ಮೀ. ಹೆಚ್ಚು ಎತ್ತರವಾಗಿರುತ್ತದೆ, ಕಲ್ಲು ಬಡಿದಾಗ ರಿಮ್ ಬಾಗುವ ಭಯ ಕಡಿಮೆಯಾಗುತ್ತದೆ, ಗಾಳಿ ಇಳಿಸಿದಾಗ ಟಯರು ಚೆನ್ನಾಗಿ ಹರಡಿಕೊಳ್ಳುತ್ತದೆ. ಒಳ್ಳೆಯ ಸ್ಥಿತಿಯ ಐದು ಹಳೆಯ ರಿಮ್ ಸಿಕ್ಕಿದರೆ, ನಿಮ್ಮ ಗಾಡಿಯ ಬ್ರೇಕಿಗೆ ತಾಗದೆ ಕೂರುತ್ತವೆಯೇ ಎಂದು ಒಂದನ್ನು ಹಾಕಿ ತಿರುಗಿಸಿ ನೋಡಿಯೇ ವ್ಯಾಪಾರ ಮಾಡಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಭಾರದ ಸೂಚ್ಯಂಕ (ಟಯರು ಹೊರಬಲ್ಲ ಭಾರವನ್ನು ಹೇಳುವ ಸಂಖ್ಯೆ) ಮೂಲ ಟಯರಿಗಿಂತ ಕಡಿಮೆ ಇರಬಾರದು. ಪಕ್ಕದ ಗೋಡೆಯ ಮೇಲೆ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಸರಕನ್ನು ಒಪ್ಪಿಕೊಳ್ಳಬೇಡಿ. ಮುಖ್ಯವಾಗಿ, ನಾಲ್ಕಲ್ಲ, ಐದು ಕೊಳ್ಳಿ. ಮಳೆಯಲ್ಲಿ ಪಂಕ್ಚರ್ ಆಗಿ ಬೇರೆ ವ್ಯಾಸದ ಸ್ಟೆಪ್ನಿ ಹಾಕಿಕೊಂಡು ಫೋರ್ ಬೈ ಫೋರಿನಲ್ಲಿ ಏರಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಅನಗತ್ಯ ಹಿಂಸೆ. ನಿಮ್ಮ ಒಂದೂವರೆ ಲಕ್ಷದಲ್ಲಿ ಅರ್ಧದ ಆಸುಪಾಸು ಇಲ್ಲಿಗೇ ಹೋಗುತ್ತದೆ, ಹೋಗಲಿ.

ಟಯರಿನ ಜೊತೆಗೇ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ನಂಬಬಹುದಾದ ಗೇಜ್ ತೆಗೆದುಕೊಳ್ಳಿ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ತರುವ ವಸ್ತು ನನಗೆ ಗೊತ್ತಿಲ್ಲ. ನನ್ನ ಮಾತನ್ನು ನಂಬಬೇಕಿಲ್ಲ, ಮನೆಯ ಮುಂದಿನ ಸಿಮೆಂಟ್ ಕಣದಲ್ಲಿ ಪರೀಕ್ಷಿಸಿ ನೋಡಿ. ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದಷ್ಟು ಗಾಳಿ ತುಂಬಿ ಗಾಡಿ ನಿಲ್ಲಿಸಿ. ಒಂದು ಕಾಗದವನ್ನು ಟಯರಿನ ಮುಂದಿನಿಂದಲೂ ಇನ್ನೊಂದನ್ನು ಹಿಂದಿನಿಂದಲೂ ಅಡಿಗೆ ತೂರಿಸಿ. ಅವು ಎಲ್ಲಿ ತಡೆದು ನಿಲ್ಲುತ್ತವೆಯೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನದೇ ಟಯರು ನೆಲವನ್ನು ಮುಟ್ಟಿರುವ ಉದ್ದ. ಈಗ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿ ಮತ್ತೆ ಕಾಗದ ತೂರಿಸಿ. ಗೆರೆಗಳು ಒಟ್ಟು ಎರಡು-ಮೂರು ಬೆರಳಿನಷ್ಟು ದೂರ ಸರಿದಿರುತ್ತವೆ. ನಾಲ್ಕೂ ಚಕ್ರಗಳಲ್ಲಿ ಅಷ್ಟು ಹಲ್ಲು ಹೊಸದಾಗಿ ನೆಲ ಕಚ್ಚಿತು, ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಯಿತು, ಹೂತುಕೊಳ್ಳುವುದು ಕಡಿಮೆಯಾಯಿತು. ನಿಮ್ಮ ಮಣ್ಣಿನ ದಾರಿಗೆ 20ರಿಂದ 22 ಪಿಎಸ್‌ಐ ಸಾಕು. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚುವ ಅಪಾಯವಿದೆ. ಗಾಳಿ ಇಳಿಸಿದಾಗ ನಿಧಾನವಾಗಿ ಓಡಿಸಬೇಕು, ಟಾರು ಮುಟ್ಟಿದ ಕೂಡಲೇ ಮತ್ತೆ ತುಂಬಬೇಕು. ಕಂಪ್ರೆಸರ್ ಬ್ಯಾಟರಿಯ ತುದಿಗಳಿಗೆ ನೇರ ಕ್ಲಿಪ್ ಹಾಕುವ ಬಗೆಯದಾಗಿರಲಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವವು ಈ ಗಾತ್ರದ ಟಯರಿಗೆ ಏದುಸಿರು ಬಿಡುತ್ತವೆ, ಫ್ಯೂಸನ್ನೂ ಸುಡುತ್ತವೆ. ದಿನಾ ಬೆಳಿಗ್ಗೆ ಸಂಜೆ ಇದನ್ನು ಮಾಡುವುದು ಆಗದ ಮಾತು ಎಂದು ನನಗೂ ಗೊತ್ತು. ಹೊಸ ಟಯರು ಬಂದ ಮೇಲೆ ಬಹುತೇಕ ದಿನ ಅದರ ಅಗತ್ಯ ಬೀಳುವುದಿಲ್ಲ; ಪುನರ್ವಸು, ಪುಷ್ಯ ಮಳೆಗಳು ಜಡಿಯುವ ವಾರಗಳಲ್ಲಿ ಮಾತ್ರ ಬೀಳುತ್ತದೆ.

ಆ ವಾರಗಳಿಗೆ ನಮ್ಮ ಕಡೆಯ ಹಳೆಯ ಉಪಾಯವೊಂದಿದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಮಳೆಗಾಲದಲ್ಲಿ ತೋಟದ ಜೀಪುಗಳ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನ್ ಬಿಗಿದಿರುವುದನ್ನು ನೀವು ಚಿಕ್ಕಂದಿನಿಂದ ನೋಡಿರುತ್ತೀರಿ. ಥಾರ್‌ಗೂ ಅದನ್ನು ಹಾಕಬಹುದು. ಆದರೆ ಟಯರಿನ ಒಳಬದಿಗೂ ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪುಗಳಿಗೂ ನಡುವೆ ಚೈನ್ ಸಡಿಲವಾಗಿ ಬೀಸಿದರೂ ತಾಗದಷ್ಟು ಜಾಗವಿದೆಯೇ ಎಂದು ಜಾಕ್ ಹಾಕಿ, ಕೈಯಿಂದ ಚಕ್ರ ತಿರುಗಿಸಿ ನೋಡಬೇಕು. ಹಾಕಿ ನೂರು ಮೀಟರ್ ಓಡಿಸಿದ ಮೇಲೆ ಇಳಿದು ಇನ್ನೊಮ್ಮೆ ಬಿಗಿಯಬೇಕು. ಟಾರಿಗೆ ಬಂದಾಗ ಬಿಚ್ಚಲೇಬೇಕು. ಇನ್ನೂ ಒಂದು ಮಾತು. ಮೂರು ಸಲವೂ ಗಾಡಿ ನಿಂತದ್ದು ಒಂದೇ ಏರಿನಲ್ಲಾದರೆ, ಮಳೆ ಹಿಡಿಯುವ ಮೊದಲು ಆ ಏರಿನ ಮೇಲ್ಬದಿಯಲ್ಲಿ ಅಡ್ಡ ಚರಂಡಿ ಕಡಿಸಿ ನೀರನ್ನು ಬದಿಗೆ ತಿರುಗಿಸಿ, ಚಕ್ರ ಹೋಗುವ ಎರಡು ಸಾಲಿಗೂ ದಪ್ಪ ಜಲ್ಲಿ ತುಂಬಿಸಿ ಬಡಿಸಿಬಿಡಿ. ದಾರಿ ಸರಿಯಾದರೆ ಗಾಡಿಯೊಂದಿಗೆ ಕಾಫಿ ಮೂಟೆಯ ಪಿಕಪ್ಪು, ಆಳುಗಳ ಬೈಕು, ಶಾಲೆಗೆ ಹೋಗುವ ಮಕ್ಕಳು ಎಲ್ಲರಿಗೂ ಅನುಕೂಲ.

ಎರಡನೆಯ ಖರ್ಚು ಹೂತ ಗಾಡಿಯನ್ನು ಸುರಕ್ಷಿತವಾಗಿ ಎಳೆಯುವ ಸಾಮಾನಿಗೆ. ಟ್ರ್ಯಾಕ್ಟರ್ ಬಂದಾಗ ಏನು ಕಟ್ಟಿ ಎಳೆದರು ಎಂದು ನೀವು ಬರೆದಿಲ್ಲ. ಕಬ್ಬಿಣದ ಸರಪಳಿಯೋ ಹಗ್ಗವೋ ಇರಬಹುದು ಎಂದು ಊಹಿಸುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ ಕೆಸರಿನಲ್ಲಿ ಕೂತ ಜೀಪನ್ನು ಇನ್ನೊಂದು ಜೀಪಿನಿಂದ ಎಳೆಯುವಾಗ ನಾನು ಪಕ್ಕದ ಧರೆಯ ಮೇಲೆ ನಿಂತಿದ್ದೆ. ಲಾರಿಯಲ್ಲಿ ಸಾಗಿಸುವಾಗ ಗಾಡಿಯನ್ನು ಕಟ್ಟಿಹಾಕಲು ಇರುವ ತೆಳು ಕೊಕ್ಕೆಗೆ ಸರಪಳಿ ಸಿಕ್ಕಿಸಿದ್ದರು. ಚಾಲಕ ಸರಪಳಿ ಸಡಿಲವಿರುವಾಗಲೇ ಜೀಪನ್ನು ಮುಂದಕ್ಕೆ ಜಗ್ಗಿದ. ಕೊಕ್ಕೆ ಕಿತ್ತು, ಎಳೆಯುತ್ತಿದ್ದ ಜೀಪಿನ ಹಿಂದಿನ ಗಾಜು ಒಡೆದು ಒಳಗೆ ಹೋಗಿ ಹಿಂಬದಿ ಸೀಟಿನ ಬೆನ್ನಿನಲ್ಲಿ ನಾಟಿಕೊಂಡಿತು. ಆ ಸೀಟಿನಲ್ಲಿ ಅಂದು ಯಾರೂ ಕುಳಿತಿರಲಿಲ್ಲ. ಅಂದಿನಿಂದ ಎಳೆಯುವ ಹಗ್ಗದ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಬಗ್ಗುವುದಿಲ್ಲ.

ಗಾಡಿಯ ಕೈಪಿಡಿ ತೆಗೆದು ಎಳೆಯುವುದಕ್ಕೆಂದೇ ಗುರುತಿಸಿದ ಕೊಕ್ಕೆಗಳು ಮುಂದೆ ಎಲ್ಲಿವೆ, ಹಿಂದೆ ಎಲ್ಲಿವೆ ಎಂದು ಗಾಡಿಯ ಕೆಳಗೆ ಬಗ್ಗಿ ಕೈಯಿಂದ ಮುಟ್ಟಿ ನೋಡಿಕೊಳ್ಳಿ. ಟ್ರೇಲರ್ ಸಿಕ್ಕಿಸುವ ಚೆಂಡಿನಂತಹ ಗುಂಡಿಗೆ ಎಂದಿಗೂ ಹಗ್ಗ ಹಾಕಬಾರದು. ಅದು ಮುರಿದರೆ ತೋಪಿನ ಗುಂಡೇ ಸರಿ. ಟ್ರ್ಯಾಕ್ಟರ್ ಸಣ್ಣ ಗೇರಿನಲ್ಲಿ ನಿಧಾನವಾಗಿ ಎಳೆಯುವುದಾದರೆ ಹಿಗ್ಗುವ ದುಬಾರಿ ಕೈನೆಟಿಕ್ ಹಗ್ಗ ನಿಮಗೆ ಬೇಕಿಲ್ಲ, ಎಂಟು-ಒಂಬತ್ತು ಮೀಟರ್ ಉದ್ದದ, ತಡೆಯುವ ಭಾರವನ್ನು ಸ್ಪಷ್ಟವಾಗಿ ಮುದ್ರಿಸಿರುವ ಪಾಲಿಯೆಸ್ಟರ್ ಪಟ್ಟಿ ಸಾಕು. ಜೊತೆಗೆ 4.75 ಟನ್ ಎಂದು ಮೈಮೇಲೆ ಅಚ್ಚಾಗಿರುವ ಎರಡು ಶ್ಯಾಕಲ್ (ಪಟ್ಟಿಯನ್ನು ಕೊಕ್ಕೆಗೆ ಸೇರಿಸುವ ಉಕ್ಕಿನ ಬಳೆ), ದಪ್ಪ ಕೈಗವಸು, ಒಂದು ಗಿಡ್ಡ ಹಿಡಿಯ ಸಲಿಕೆ ಇರಲಿ. ಪಟ್ಟಿ ಬಿಗಿಯಾದ ಮೇಲೆಯೇ ಎಳೆತ ಶುರುವಾಗಬೇಕು. ಅದರ ನಡುವೆ ಒದ್ದೆ ಗೋಣಿಚೀಲ ಹೇರಬೇಕು. ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನ ನಿಲ್ಲಬೇಕು. ಎಷ್ಟೋ ಸಲ ಎಳೆಯುವ ಮೊದಲು ಹತ್ತು ನಿಮಿಷ ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣು ಬಿಡಿಸಿದರೆ ಟ್ರ್ಯಾಕ್ಟರೇ ಬೇಕಾಗುವುದಿಲ್ಲ. ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ವಿಂಚ್ ಯಂತ್ರ ಈಗ ಬೇಡ. ಒಂಟಿಯಾಗಿ ಕಾಡಂಚಿನಲ್ಲಿ ಓಡಾಡುವವರಿಗೆ ಅದು ಆಸರೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಟ್ರ್ಯಾಕ್ಟರ್ ಇರುವ ನಿಮಗೆ ಮುಂದಿನ ಆಕ್ಸಲಿನ ಮೇಲೆ ಸದಾ ಹೊತ್ತು ತಿರುಗುವ ಭಾರ.

ಲಿಫ್ಟ್ ಕಿಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಬಾಡಿ ಮತ್ತು ಚಾಸಿ ಮಾತ್ರ. ಥಾರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ದಂಡ. ಅದರ ನಡುವೆ ಜೋತುಬಿದ್ದಿರುವ ಹೌಸಿಂಗ್ ಲಿಫ್ಟ್‌ನಿಂದ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ, ಅದನ್ನು ಎತ್ತಬಲ್ಲದ್ದು ಟಯರು ಮಾತ್ರ. ಮುಂದಿನ ಚಕ್ರಗಳದ್ದು ಸ್ವತಂತ್ರ ಸಸ್ಪೆನ್ಷನ್ ಆದ್ದರಿಂದ ಎತ್ತರಿಸಿದಷ್ಟೂ ಡ್ರೈವ್ ಶಾಫ್ಟಿನ ಜಾಯಿಂಟುಗಳು ಓರೆಯಾಗಿ ದುಡಿದು ಬೇಗ ಸವೆಯುತ್ತವೆ, ಮೊದಲೇ ಎತ್ತರವಾದ ಗಾಡಿ ಘಾಟಿಯ ತಿರುವಿನಲ್ಲಿ ಇನ್ನಷ್ಟು ವಾಲುತ್ತದೆ. ಕಾರ್ಖಾನೆಯ ಲೆಕ್ಕದಲ್ಲೇ ಇದಕ್ಕೆ 226 ಮಿ.ಮೀ. ನೆಲದೆತ್ತರ ಇದೆ, ಮುಂಬದಿ 41 ಡಿಗ್ರಿಗೂ ಮಿಕ್ಕ ಏರನ್ನು ಮೂಗು ತಾಗದೆ ಹಿಡಿಯುತ್ತದೆ. ನಿಮ್ಮ ತೋಟದ ದಾರಿಗೆ ಅದು ಧಾರಾಳ. ಹುಲ್ಲಿನಲ್ಲಿ ಮರೆಯಾದ ಸಿಲ್ವರ್ ಓಕ್ ಬೊಡ್ಡೆಯ ಭಯ ನಿಮಗಿದ್ದರೆ ಎಂಜಿನ್ ಮತ್ತು ಟ್ರಾನ್ಸ್‌ಫರ್ ಕೇಸಿನ ಅಡಿಗೆ ಗಟ್ಟಿ ತಗಡಿನ ಕವಚ ಹಾಕಿಸಿ. ಆಯಿಲ್ ಬದಲಿಸಲು ಅದರಲ್ಲಿ ಕಂಡಿ ಇರಲಿ, ಕೆಸರು ಹೊರಗೆ ತೊಳೆದುಹೋಗುವಂತಿರಲಿ.

ಉಕ್ಕಿನ ಬಂಪರನ್ನು ನಾನು ಸಂಪೂರ್ಣ ಬೇಡವೆನ್ನುತ್ತೇನೆ. ಡಿಕ್ಕಿಯಾದಾಗ ಗಾಡಿಯ ಮುಂಭಾಗ ಎಷ್ಟು ಬೇಗ ಕುಸಿಯುತ್ತದೆ ಎಂಬುದರ ಮೇಲೆಯೇ ಏರ್‌ಬ್ಯಾಗ್ ಬಿಚ್ಚುವ ಲೆಕ್ಕ ನಿಂತಿದೆ. ಗಡುಸು ಉಕ್ಕು ಆ ಲೆಕ್ಕವನ್ನು ಕೆಡಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಪಾಲಿಗೆ ಇನ್ನೂ ಕ್ರೂರವಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇಂತಹ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಿರುತ್ತದೆ. ಕಾನೂನಿಗೆ ಒಳಪಟ್ಟ ಸಾಮಾನುಗಳನ್ನು ಹಾಕಿಸಿದಾಗಲೂ ಬಿಲ್ಲು ಇಟ್ಟುಕೊಂಡು ಪಾಲಿಸಿಯಲ್ಲಿ ಬರೆಸಿ.

ಎಲ್‌ಇಡಿ ಬಾರ್ ಮಂಜಿನಲ್ಲಿ ನಿಮ್ಮ ಕಣ್ಣಿಗೇ ಬಿಳಿ ಗೋಡೆ ಕಟ್ಟುತ್ತದೆ, ಎದುರಿನವನನ್ನು ಕುರುಡಾಗಿಸುತ್ತದೆ. ಕಣ್ಣು ಕುಕ್ಕುವ ಇಂತಹ ದೀಪಗಳ ವಿರುದ್ಧ ನಮ್ಮ ರಾಜ್ಯದ ಪೊಲೀಸರು 2024ರಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಹೆಡ್‌ಲೈಟಿನ ಗಾಜು ಒರೆಸಿ, ಬೆಳಕು ಬೀಳುವ ಎತ್ತರವನ್ನು ಸರಿಪಡಿಸಿ, ಬಂಪರಿನ ಮಟ್ಟದಲ್ಲಿರುವ ಫಾಗ್ ಲ್ಯಾಂಪಿಗೆ ಹಳದಿ ಬಲ್ಬ್ ಹಾಕಿಸಿದರೆ ಘಾಟಿಗೆ ಸಾಕು. ಸ್ನಾರ್ಕೆಲ್ ಕೂಡ ಬೇಡ. ಗಾಡಿ 650 ಮಿ.ಮೀ. ಆಳದ ನಿಂತ ನೀರನ್ನು ಈಗಲೇ ದಾಟಬಲ್ಲದು; ಅದಕ್ಕಿಂತ ಆಳದ, ಅದರಲ್ಲೂ ಹರಿಯುವ ಹಳ್ಳಕ್ಕೆ ಸ್ನಾರ್ಕೆಲ್ ಇದ್ದರೂ ಇಳಿಯಬಾರದು. ನೀರು ದಾಟಿದ ವಾರದಲ್ಲಿ ಹೌಸಿಂಗಿನ ಆಯಿಲ್ ಒಮ್ಮೆ ನೋಡಿಸಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ತಡಮಾಡದೆ ಬದಲಿಸಬೇಕು.

ಇನ್ನು ನಿಮ್ಮ ಅಮ್ಮನ ಸ್ಟೂಲ್. ನೀವು ಕೊನೆಯಲ್ಲಿ ಬರೆದ ಆ ವಾಕ್ಯವನ್ನು ನಾನು ಟಯರಿನ ನಂತರದ ಸ್ಥಾನದಲ್ಲೇ ಇಟ್ಟು ಯೋಚಿಸಿದೆ. ಎರಡು ಇಂಚಿನ ಲಿಫ್ಟ್ ಹಾಕಿಸಿದ್ದರೆ ಅವರು ಗಾಡಿ ಹತ್ತುವುದನ್ನೇ ಬಿಡಬೇಕಾಗುತ್ತಿತ್ತು. ಕೆಳಗೆ ಜೋತುಬೀಳುವ ಅಗ್ಗದ ಮೆಟ್ಟಿಲು ಹಾಕಿಸಿದರೆ ಏರಿನ ನೆತ್ತಿಯಲ್ಲಿ ನೆಲಕ್ಕೆ ಬಡಿಯುತ್ತದೆ. ಚಾಸಿಗೆ ಬೋಲ್ಟ್ ಆಗುವ, ಬಾಡಿಗೆ ಒತ್ತಾಗಿ ನಿಲ್ಲುವ ದಪ್ಪ ಪೈಪಿನ ಸ್ಲೈಡರ್ ಹಾಕಿಸಿ. ಅದು ಬೊಡ್ಡೆಯಿಂದ ಬಾಗಿಲ ಅಡಿಯನ್ನು ಕಾಯುತ್ತದೆ, ಅಗಲವಿದ್ದರೆ ಪಾದವನ್ನೂ ಹೊರುತ್ತದೆ. ಅಮ್ಮ ಕೂರುವ ಬದಿಗೆ ಮಾತ್ರ ಅದರಿಂದ ಕೆಳಕ್ಕೆ ಮಡಿಸಿ ಬಿಡುವ ಇನ್ನೊಂದು ಮೆಟ್ಟಿಲನ್ನು ಬೆಸುಗೆಯವರಿಂದ ಮಾಡಿಸಿಕೊಳ್ಳಿ. ಎತ್ತರವನ್ನು ನೀವೇ ನಿರ್ಧರಿಸಬೇಡಿ. ಅವರನ್ನು ಗೋಡೆಯ ಪಕ್ಕ ನಿಲ್ಲಿಸಿ, ಕೈ ಊರದೆ ಸಲೀಸಾಗಿ ಎಷ್ಟೆತ್ತರಕ್ಕೆ ಕಾಲು ಎತ್ತಬಲ್ಲರೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಅಳತೆಯನ್ನೇ ಬರೆದು ಬೆಸುಗೆಯವರ ಕೈಗೆ ಕೊಡಿ.